ಹಳೇ ಬ್ರಷ್ಷು, ಸೈಕಲ್ ಟ್ಯೂಬು, ಒಂದು ಮೊಳ ದಾರ

ಎರಡು ತಿಂಗಳಿಂದ ಯಾಕೆ ಏನೂ ಬರೀಲಿಲ್ಲ ಅಂತ ಆರ್.ಟಿ. ನಗರದ ಅತ್ತಿಗೆ ಫೋನ್ ಮಾಡಿ ಕೇಳಿದ್ರು. ಎದುರುಮನೆಯಾಕೆ ಅಂತೂ "ಹುಣಸೆತೊಕ್ಕಿನ ಅಳತೆ ಬರೀತೀನಿ ಅಂದೋರು ಪತ್ತೇನೇ ಇಲ್ವಲ್ಲ" ಅಂತ ಗೇಟು ಹಿಡ್ಕೊಂಡು ಜಗಳಾನೇ ಆಡಿದ್ಲು. ವಿಷಯ ಏನೂಂದ್ರೆ, ಕೈ ಕೈಕೊಟ್ಟಿತ್ತು ಕಣ್ರೇ. ಇವತ್ತೂ ಇದನ್ನ ನಾನು ಫೋನಿಗೆ ಬಾಯಲ್ಲಿ ಹೇಳ್ತಾ ಇದ್ದೀನಿ, ಅದು ಬರ್ಕೊಳ್ತಾ ಇದೆ, ತಪ್ಪುಗಳನ್ನ ಆಮೇಲೆ ಮೊಮ್ಮಗಳು ತಿದ್ದುತಾಳೆ. ತೊಕ್ಕಿನ ಅಳತೆ ಮುಂದಿನ ಸಲ. ಇವತ್ತಿನ ವಿಷಯ ಬೇರೆ. ನಗಬೇಡಿ, ಆಕಾಶದಲ್ಲಿ ರಿಪೇರಿ ಮಾಡೋರು ಹಿಡ್ಕೊಳ್ಳೋ ಸಾಮಾನಿನ ವಿಷಯ.

ನನಗಿರೋದು ಸಂಧಿವಾತ. ಡಾಕ್ಟ್ರು ರುಮಟಾಯ್ಡ್ ಅಂತಾರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೇ ಆಗಲ್ಲ, ರಾತ್ರಿಯೆಲ್ಲಾ ಯಾರೋ ಗೆಣ್ಣುಗೆಣ್ಣಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ. ಬಿಸಿನೀರಲ್ಲಿ ಅದ್ದಿ ಅದ್ದಿ ಒಂಬತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತೆ. ಮಾತ್ರೆ ಇದೆ, ರಕ್ತಪರೀಕ್ಷೆ ಇದೆ, ಯಲಹಂಕದಿಂದ ಬಸ್ಸಲ್ಲಿ ಹೆಬ್ಬಾಳ ದಾಟಿ ಡಾಕ್ಟ್ರ ಹತ್ರ ಹೋಗಿ ಸಾಲಲ್ಲಿ ಕೂರೋದಿದೆ. ಅದೆಲ್ಲಾ ಸಹಿಸ್ಕೊಂಡಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೇಳೆಸಾರಿನ ಪಾತ್ರೆ ಇಕ್ಕಳದಲ್ಲಿ ಎತ್ತಿದೆ ನೋಡಿ, ಹೆಬ್ಬೆರಳು ಸೋತುಬಿಡ್ತು. ಪಾತ್ರೆ ನೆಲಕ್ಕೆ. ಮೊಮ್ಮಗಳು ಎರಡು ಹೆಜ್ಜೆ ಆಚೆ ನಿಂತಿದ್ಲು. ಪಾದಕ್ಕೆ ನಾಲ್ಕು ಹನಿ ಸಿಡೀತು, ಅಷ್ಟೇ. ಅಷ್ಟೇ ಅಂತ ಈಗ ಹೇಳ್ತೀನಿ, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಮಗಳು ಕೂಗಾಡ್ಲಿಲ್ಲ. ಕೂಗಾಡಿದ್ರೇ ಚೆನ್ನಾಗಿರ್ತಿತ್ತು. ನೆಲ ಒರೆಸಿ, "ಅಮ್ಮ, ಇನ್ನು ನೀನು ಒಲೆ ಹತ್ರ ಬರಬೇಡ. ಆರಾಮಾಗಿ ಕೂತ್ಕೊಂಡಿರು" ಅಂದ್ಲು. ಆ ವಾರವೇ ಅಡುಗೆಗೆ ಒಬ್ಬಾಕೆ ಬಂದ್ಲು. ಒಳ್ಳೆ ಹೆಂಗಸು, ಸಾರಿಗೆ ಬೆಲ್ಲ ಮಾತ್ರ ಒಂಚೂರು ಮುಂದೆ. ಮಗಳು ಹೇಳಿದ್ದು ತಪ್ಪೂ ಅಲ್ಲ. ಆದ್ರೆ ನಲವತ್ತು ವರ್ಷ ಆ ಒಲೆ ಮುಂದೆ ನಿಂತೋಳಿಗೆ 'ಕೂತ್ಕೊಂಡಿರು' ಅನ್ನೋ ಮಾತು ಹೆಂಗೆ ಕೇಳ್ಸುತ್ತೆ ಅಂತ, ನಿಮ್ಮಲ್ಲಿ ಅರವತ್ತು ದಾಟಿದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಂಗೆ ಕೂತಿದ್ದಾಗಲೇ ಮೊಮ್ಮಗಳ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ರು. ಏಳನೇ ಕ್ಲಾಸು. 'ಬಾಹ್ಯಾಕಾಶದಲ್ಲಿ ರಿಪೇರಿಗೆ ಬಳಸುವ ಉಪಕರಣಗಳು'. ಚಾರ್ಟ್ ಪೇಪರ್ ತಂದು ಹಾಲಲ್ಲಿ ಹಾಸಿದ್ಲು. ಕೂರೋದೇ ನನ್ನ ಕೆಲಸ ಆಗಿತ್ತಲ್ಲ, ಅವಳ ಪಕ್ಕ ಕೂತೆ.

ಆಕಾಶದ ವಿಷಯ ನಮ್ಮ ಕಡೆಯೋರಿಗೆ ಅಷ್ಟೇನೂ ದೂರದ್ದಲ್ಲ. ಎರಡು ವರ್ಷಕ್ಕೊಂದ್ಸಲ ಯಲಹಂಕದ ವಾಯುನೆಲೇಲಿ ಏರ್ ಶೋ ಆದಾಗ ಕಿಟಕಿ ಗಾಜಿನ ಜೊತೆ ಎದೆಯೂ ಅದುರುತ್ತೆ. ಡಾಕ್ಟ್ರ ಹತ್ರ ಹೋಗೋ ದಾರೀಲಿ ನ್ಯೂ ಬಿ.ಇ.ಎಲ್. ರಸ್ತೆ ಸಿಗುತ್ತೆ, ಅಲ್ಲೇ ಇಸ್ರೋದ ಅಂತರಿಕ್ಷ ಭವನ. ನಮ್ಮನೆಯೋರು ಇದ್ದಾಗ ಪೀಣ್ಯದ ಒಂದು ಕಾರ್ಖಾನೇಲಿ ಫಿಟ್ಟರ್ ಆಗಿದ್ರು. ಅದೇ ಪೀಣ್ಯದಲ್ಲಿ ಉಪಗ್ರಹಗಳ ಜೊತೆ ಮಾತಾಡೋ ಇಸ್ಟ್ರಾಕ್ ಕೇಂದ್ರ ಇರೋದು. ಇಷ್ಟೆಲ್ಲಾ ಹತ್ರ ಇದ್ರೂ, ಮೇಲೆ ಹೋದೋರು ಒಂದು ಬೋಲ್ಟನ್ನ ಹೆಂಗೆ ತಿರುಗಿಸ್ತಾರೆ ಅಂತ ನಾನು ಒಂದಿನಾನೂ ಯೋಚ್ನೆ ಮಾಡಿರ್ಲಿಲ್ಲ. ಅವಳು ಓದ್ತಾ ಹೋದ್ಲು, ನಾನು ಕೇಳ್ತಾ ಹೋದೆ.

ಮೊದಲು ಬಂದಿದ್ದು ಕೈಗವಸಿನ ಕಥೆ. ಹೊರಗೆ ಗಾಳಿ ಇಲ್ಲ, ಹಾಗಾಗಿ ಉಡುಪಿನ ಒಳಗೆ ಆಮ್ಲಜನಕ ತುಂಬಿರ್ತಾರೆ. ನಮ್ಮ ಸುತ್ತ ಇರೋ ಗಾಳಿಯ ಒತ್ತಡದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಒತ್ತಡ. ಅಷ್ಟು ಸಾಕು, ಇಡೀ ಉಡುಪು ಊದಿದ ಬಲೂನಿನ ಹಾಗೆ ಬಿರುಸಾಗುತ್ತೆ. ಕೈಗವಸೂ ಅಷ್ಟೇ. ಮುಷ್ಟಿ ಕಟ್ಟೋಕೆ ಹೋದ್ರೆ ಅದು ಬಿಚ್ಚೋಕೆ ನೋಡುತ್ತೆ. ಒಂದು ಸಲ ಹಿಡಿಯೋಕೆ ಅಷ್ಟು ಬಲ ಬೇಕಾದ್ರೆ, ಆರು ಏಳು ಗಂಟೆ ಹೊರಗಿದ್ದು ಸಾವಿರ ಸಲ ಹಿಡಿಯೋ ಕೈ ಏನಾಗಬೇಕು ಹೇಳಿ. ಒಳಗೆ ಬರೋ ಹೊತ್ತಿಗೆ ಬೆರಳ ತುದಿ ಜಜ್ಜಿದ ಹಾಗಾಗಿ, ಎಷ್ಟೋ ಜನಕ್ಕೆ ಉಗುರೇ ಕಿತ್ತು ಬರುತ್ತಂತೆ. ಜೊತೆಗೆ ಮುಟ್ಟಿದ್ದು ತಿಳಿಯಲ್ಲ. ಸೂಜಿ ಹಿಡಿದ್ವಾ ಹಾರೆ ಹಿಡಿದ್ವಾ ಗೊತ್ತಾಗಲ್ಲ.

ನಾನು ಸುಮ್ನೆ ಕೇಳ್ತಾ ಇದ್ದೆ. ಅವಳಿಗೆ ಏನನ್ನಿಸ್ತೋ, ಎದ್ದುಹೋಗಿ ಚಳಿಗಾಲದ ಉಲ್ಲನ್ ಗ್ಲೌಸ್ ಹಾಕಿ, ಅದರ ಮೇಲೆ ಪಾತ್ರೆ ತೊಳೆಯೋ ದಪ್ಪ ರಬ್ಬರ್ ಗ್ಲೌಸ್ ಏರಿಸಿಕೊಂಡು ಬಂದ್ಲು. ತಾತನ ಸಾಮಾನಿನ ಪೆಟ್ಟಿಗೆಯಿಂದ ಒಂದು ಬೋಲ್ಟು, ಒಂದು ನಟ್ಟು ತೆಗೆದು ಹಾಕೋಕೆ ಶುರು ಮಾಡಿದ್ಲು. ನಟ್ಟು ಬಿತ್ತು. ಹೆಕ್ಕೋಕೆ ಆಗ್ಲಿಲ್ಲ. ಹೆಕ್ಕಿ ಹಾಕಿದ್ಲು, ಓರೆಯಾಗಿ ಕೂತ್ಕೊಳ್ತು. ಮತ್ತೆ ಬಿತ್ತು, ಸೋಫಾ ಕೆಳಗೆ ಹೋಯ್ತು. ಹತ್ತು ನಿಮಿಷಕ್ಕೆ ಅವಳ ಮುಖ ಕೆಂಪಾಗಿ ಅಳು ಬರೋ ಹಾಗಾಯ್ತು. ಆಮೇಲೆ ಗ್ಲೌಸ್ ಕಿತ್ತೆಸೆದು ನನ್ನ ಕೈ ನೋಡಿದ್ಲು.

"ಅಜ್ಜಿ, ನಿನಗೆ ದಿನಾ ಹಿಂಗೇನಾ?"

"ಬೆಳಿಗ್ಗೆ ಹೊತ್ತು" ಅಂದೆ.

ಎರಡು ವರ್ಷದಿಂದ ಮನೇಲಿ ಎಲ್ಲರೂ 'ನೋವಿದೆಯಾ' ಅಂತ ಕೇಳಿದ್ದಾರೆ, ಮುಲಾಮು ತಂದ್ಕೊಟ್ಟಿದ್ದಾರೆ. ಇದು ಹೆಂಗಿರುತ್ತೆ ಅಂತ ಒಬ್ಬರಿಗೆ ನಿಜವಾಗಿ ಗೊತ್ತಾಗಿದ್ದು ಅವತ್ತು. ಅವಳು ಚಾರ್ಟ್ ಪೇಪರನ್ನ ನನ್ನ ಕಡೆ ತಿರುಗಿಸಿ, "ಹಂಗಾದ್ರೆ ಇವರ ಸಾಮಾನು ನಿನಗೂ ಆಗುತ್ತಲ್ವಾ?" ಅಂದ್ಲು.

ಅಲ್ಲಿಂದ ನಾವಿಬ್ಬರೂ ಓದಿದ್ದು ಬೇರೆ ಥರಾನೇ. ಮಾರ್ಕ್ಸಿಗಾಗಿ ಓದೋದೇ ಬೇರೆ, ನಮ್ಮನೆ ಕೈಗಾಗಿ ಓದೋದೇ ಬೇರೆ.

ಆ ಸಾಮಾನುಗಳಲ್ಲಿ ನಾಜೂಕಿನ ಹಿಡಿ ಅಂತ ಇಲ್ಲವೇ ಇಲ್ಲ. ಎಲ್ಲಾ ದಪ್ಪ. ಬೆರಳಲ್ಲಿ ಚಿವುಟೋ ಬದಲು ಅಂಗೈಯಲ್ಲಿ ತಳ್ಳೋ ಹಾಗೆ, ಹಿಂಡೋ ಬದಲು ಎಳೆಯೋ ಹಾಗೆ ಮಾಡಿರ್ತಾರೆ. ಸ್ಕ್ರೂಡ್ರೈವರ್ ಥರ ಮಣಿಕಟ್ಟು ತಿರುಚಿ ತಿರುಚಿ ಕೆಲಸ ಮಾಡೋದು ಆ ಉಡುಪಲ್ಲಿ ಪ್ರಾಣಸಂಕಟ. ಅದಕ್ಕೇ ಪಿಸ್ತೂಲಿನ ಆಕಾರದ ಬ್ಯಾಟರಿ ಯಂತ್ರ, ಪಿಸ್ಟಲ್ ಗ್ರಿಪ್ ಟೂಲ್ ಅಂತಾರೆ. ನಮ್ಮ ಬಡಗಿಯೋರ ಕೈಯಲ್ಲಿ ಇರುತ್ತಲ್ಲ, ಅದರ ದೊಡ್ಡಣ್ಣ. 1997ರಲ್ಲಿ ಹಬಲ್ ದೂರದರ್ಶಕ ರಿಪೇರಿಗೆ ಹೋದಾಗಿನಿಂದ ಬಳಕೇಲಿದೆ. ಎಷ್ಟು ಸುತ್ತು ತಿರುಗಬೇಕು, ಎಷ್ಟು ಬಲ ಹಾಕಬೇಕು ಅಂತ ಮೊದಲೇ ಹೇಳಿಟ್ಟರೆ ಅಷ್ಟಕ್ಕೇ ನಿಲ್ಲುತ್ತೆ, ಎಷ್ಟು ಸುತ್ತಾಯ್ತು ಅಂತ ಲೆಕ್ಕಾನೂ ತೋರಿಸುತ್ತೆ. ಕೈಗೆ ಗೊತ್ತಾಗದೇ ಇರೋದನ್ನ ಕಣ್ಣಿಗೆ ತೋರ್ಸೋದು. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು: ಅವರು ಬಿಚ್ಚಬೇಕಾದ ಬೋಲ್ಟುಗಳಲ್ಲಿ ಬಹುಪಾಲಿಗೆ ತಲೆ ಒಂದೇ ಅಳತೆ, 7/16 ಇಂಚು. ಮೇಲೆ ಹೋದ ಮೇಲೆ ಯಾವುದು ಯಾವುದಕ್ಕೆ ಅಂತ ಹುಡುಕೋ ಹಾಗಿಲ್ಲ. ನಮ್ಮ ಅಡುಗೆಮನೆ ನೋಡಿ, ಹತ್ತು ಡಬ್ಬಕ್ಕೆ ಹತ್ತು ಥರ ಮುಚ್ಚಳ, ಒಂದು ತಿರುಗಿಸೋದು, ಒಂದು ಒತ್ತೋದು, ಒಂದು ಹಲ್ಲಲ್ಲೇ ಕಚ್ಚಿ ತೆಗೀಬೇಕು. ಅವತ್ತೇ ಸಂಜೆ ಬೇಳೆ ಕಾಳು ಎಲ್ಲಾ ಒಂದೇ ಥರದ ಒತ್ತೋ ಮುಚ್ಚಳದ ಡಬ್ಬಕ್ಕೆ ಹಾಕಿಸಿದೆ.

ಆಮೇಲೆ ದಾರ. ಇದು ಇಡೀ ವಿಷಯದ ಪ್ರಾಣ ಅಂತ ನನಗನ್ನಿಸುತ್ತೆ. ಅಲ್ಲಿ ಕೈಬಿಟ್ಟ ವಸ್ತು ಕೆಳಗೆ ಬೀಳಲ್ಲ, ತೇಲಿ ಹೋಗುತ್ತೆ, ಹೋದ್ರೆ ಹೋಯ್ತು. ಅದಕ್ಕೆ ಪ್ರತಿ ಸಾಮಾನಿಗೂ ಒಂದು ಕೊಂಡಿ, ಒಂದು ದಾರ. ನಿಯಮ ಏನಂದ್ರೆ, ಹೊಸ ಕಡೆ ಕಟ್ಟೋ ತನಕ ಹಳೇ ಕಡೆ ಬಿಚ್ಚಬಾರದು. ಮನುಷ್ಯರಿಗೂ ಅದೇ ನಿಯಮ, ಅವರನ್ನೂ ಕಟ್ಟಿರ್ತಾರೆ. ಬಾವಿಗೆ ಕೊಡ ಇಳಿಸೋ ಮುಂಚೆ ಹಗ್ಗದ ಇನ್ನೊಂದು ತುದಿ ಎಲ್ಲಿದೆ ಅಂತ ನಮ್ಮಜ್ಜಿ ಕಾಲಡಿ ತುಳಿದು ನೋಡ್ಕೊಳ್ತಿದ್ರು, ಅದೇ ಬುದ್ಧಿ.

ಅಷ್ಟು ಎಚ್ಚರ ಇದ್ರೂ ತಪ್ಪುತ್ತೆ. 2008ರ ನವೆಂಬರ್ 18ಕ್ಕೆ ಹೈಡಿಮೇರಿ ಸ್ಟೆಫಾನಿಶಿನ್ ಪೈಪರ್ ಅನ್ನೋ ಗಗನಯಾತ್ರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮಾಡ್ತಿದ್ರು. ಸೌರಫಲಕ ತಿರುಗಿಸೋ ದೊಡ್ಡ ಕೀಲು ಒರಟಾಗಿತ್ತು, ಅದನ್ನ ಒರೆಸಿ ಗ್ರೀಸ್ ಹಚ್ಚಬೇಕು. ಚೀಲ ತೆಗೆದು ನೋಡಿದ್ರೆ ಗ್ರೀಸಿನ ಗನ್ ಸೋರಿ ಒಳಗೆಲ್ಲಾ ಮೆತ್ಕೊಂಡಿದೆ. ಅದನ್ನ ಒರೆಸೋ ಗಡಿಬಿಡೀಲಿ ಚೀಲ ಕಟ್ಟಿಲ್ಲ ಅನ್ನೋದು ಗಮನಕ್ಕೆ ಬರ್ಲಿಲ್ಲ, ಕಣ್ಣೆದುರೇ ತೇಲಿ ಹೋಯ್ತು. ಹದಿಮೂರು ಕಿಲೋದಷ್ಟು ಸಾಮಾನು. ಪ್ರಪಂಚ ಎಲ್ಲಾ ಆ ವಿಡಿಯೊ ನೋಡ್ತು. ಎಣ್ಣೆ ಚೆಲ್ಲಿದ್ದನ್ನ ಒರೆಸೋಕೆ ಹೋಗಿ ಪಕ್ಕದ ಹಾಲು ಉಕ್ಕಿಸಿದೋರು ನಮ್ಮಲ್ಲಿ ಎಷ್ಟು ಜನ ಇಲ್ಲ! ಮೊಮ್ಮಗಳಿಗೆ ಬೇಜಾರಾಗಿದ್ದು ಚೀಲ ಹೋಗಿದ್ದಕ್ಕೆ. ನನ್ನ ಮನಸ್ಸಿಗೆ ನಾಟಿದ್ದು ಆಮೇಲೆ ನಡೆದದ್ದು: ಅವರನ್ನ 'ಒಳಗೆ ಬಂದು ಕೂತ್ಕೊಂಡಿರಿ' ಅಂತ ಯಾರೂ ಅನ್ನಲಿಲ್ಲ. ಜೊತೆಗಿದ್ದ ಸ್ಟೀಫನ್ ಬೋವೆನ್ ಚೀಲದ ಸಾಮಾನನ್ನೇ ಇಬ್ಬರೂ ಹಂಚ್ಕೊಂಡು ಅವತ್ತಿನ ಕೆಲಸ ಮುಂದುವರೆಸಿದ್ರು. ಅದಾದ ಮೇಲೂ ಅದೇ ಪ್ರಯಾಣದಲ್ಲಿ ಅವರು ಮತ್ತೆ ಹೊರಗೆ ಹೋದ್ರು. ಈ ಮಾತನ್ನ ನಾನು ಮಗಳಿಗೆ ಕೇಳೋ ಹಾಗೆ ಸ್ವಲ್ಪ ಗಟ್ಟಿಯಾಗೇ ಹೇಳ್ದೆ.

ಮೂರನೇದು ಕಾಲು. ರಿಪೇರಿ ಅಂದ್ರೆ ಕೈ ಕೆಲಸ ಅಂತ ತಾನೇ ನಾವಂದ್ಕೊಳ್ಳೋದು? 1966ರ ಜೂನಿನಲ್ಲಿ ಜೀನ್ ಸರ್ನನ್ ಜೆಮಿನಿ 9ರಿಂದ ಹೊರಗೆ ಬಂದಾಗ ಹಿಡ್ಕೊಳ್ಳೋಕೆ, ಕಾಲೂರೋಕೆ ಸರಿಯಾದ ಜಾಗವೇ ಇರ್ಲಿಲ್ಲ. ಏನನ್ನ ತಿರುಗಿಸೋಕೆ ಹೋದ್ರೂ ಅವರೇ ತಿರುಗಿಬಿಡೋರು. ಬೆವರಿ ಬೆವರಿ ಮುಖದ ಗಾಜು ಮಂಜಾಗಿ ಕಣ್ಣು ಕಾಣದೆ, ಕೆಲಸ ಅರ್ಧಕ್ಕೆ ಬಿಟ್ಟು ವಾಪಸ್ ಬಂದ್ರು. ಅದೇ ವರ್ಷ ನವೆಂಬರ್‌ನಲ್ಲಿ ಹೋದ ಬಜ್ ಆಲ್ಡ್ರಿನ್ ನೀರಿನ ಕೊಳದಲ್ಲಿ ಮುಳುಗಿ ಅಭ್ಯಾಸ ಮಾಡ್ಕೊಂಡು ಹೋಗಿದ್ರು. ಕಾಲು ತೂರಿಸೋಕೆ ಚಪ್ಪಲಿಯಂಥ ಹಿಡಿ, ಸೊಂಟಕ್ಕೆ ಎರಡು ಪಟ್ಟಿ. ಆರಾಮಾಗಿ ಬೋಲ್ಟು ತಿರುಗಿಸಿ ಬಂದ್ರು. ಇದನ್ನ ಮೊಮ್ಮಗಳು ಮಗಳ ಆಫೀಸ್ ಕುರ್ಚೀಲಿ, ಅದೇ ತಿರುಗೋ ಕುರ್ಚಿ, ಕಾಲೆತ್ತಿ ಕೂತು ಬಾಗಿಲ ಹಿಡಿ ತಿರುಗಿಸಿ ನೋಡಿದ್ಲು. ಹಿಡಿ ತಿರುಗೋ ಬದಲು ಕುರ್ಚಿ ತಿರುಗ್ತು.

ಆಗ ನನಗೆ ನಮ್ಮ ಈಳಿಗೆಮಣೆ ನೆನಪಾಯ್ತು. ಬಿಡಿ, ಅದನ್ನ ಮಾಡಿದೋರು ಯಾವ ಕೊಳದಲ್ಲೂ ಮುಳುಗಿರ್ಲಿಲ್ಲ. ಮಣೆ ಮೇಲೆ ಕಾಲಿಟ್ಟು ಒತ್ತಿದ್ರೆ ಅಲುಗಾಡಲ್ಲ, ಕತ್ತಿ ಹಿಡಿಯೋ ಕೆಲಸ ಕೈಗಿಲ್ಲ, ಎರಡು ಅಂಗೈಯಲ್ಲೂ ತರಕಾರಿ ಹಿಡಿದು ಮುಂದಕ್ಕೆ ತಳ್ಳಿದ್ರೆ ಸಾಕು. ಚಾಕು ಬಂದಾಗ ಅಟ್ಟಕ್ಕೆ ಹಾಕಿದ್ದೆ. ನೆಲದ ಮೇಲೆ ಕೂರೋಕೆ ಮಂಡಿ ಬಿಡಲ್ಲ ಅನ್ನೋದು ನಿಜ. ಅದನ್ನ ಇಳಿಸಿ ತಗ್ಗಿನ ಮಂಚದ ತುದಿಗೆ ಹಲಗೆ ಹಾಕಿ, ಅದರ ಮೇಲಿಟ್ಕೊಂಡೆ. ಈಗ ಬೀನ್ಸ್, ಬದನೆಕಾಯಿ, ಸೌತೆಕಾಯಿ ನಾನೇ ಹೆಚ್ಚೋದು. ಕುಂಬಳಕಾಯಿ ಆಗಲ್ಲ.

ಪ್ರಾಜೆಕ್ಟಿಗೆ ಹೆಂಗಸರ ಫೋಟೊ ಜಾಸ್ತಿ ಬೇಕು ಅಂತ ಅವಳ ಹಟ. ನಾನು ನಮ್ಮ ರಾಕೇಶ್ ಶರ್ಮಾ ಕಥೆ ಹೇಳ್ದೆ, 1984ರ ಏಪ್ರಿಲ್‌ನಲ್ಲಿ ರಷ್ಯದೋರ ಸಲ್ಯೂಟ್ 7 ನಿಲ್ದಾಣಕ್ಕೆ ಹೋಗಿಬಂದಿದ್ದು, ಆಗ ಎಲ್ಲಾ ರೇಡಿಯೊ ಮುಂದೆ ಕೂತಿದ್ದಿದ್ದು. ಹುಡುಕಿ ನೋಡಿದ್ರೆ ಅದೇ ನಿಲ್ದಾಣದಲ್ಲಿ ಅದೇ ವರ್ಷ ಜುಲೈ 25ಕ್ಕೆ ಸ್ವೆತ್ಲಾನಾ ಸವಿತ್ಸ್ಕಾಯಾ ಅನ್ನೋಳು ಹೊರಗೆ ಬಂದು ವೆಲ್ಡಿಂಗ್ ಮಾಡಿದ್ದಾಳೆ! ಕೈಯಲ್ಲಿ ಹಿಡಿಯೋ ಎಲೆಕ್ಟ್ರಾನ್ ಕಿರಣದ ಉಪಕರಣ. ಲೋಹ ಕತ್ತರಿಸಿದ್ದಾಳೆ, ಬೆಸೆದಿದ್ದಾಳೆ. ಬಾಹ್ಯಾಕಾಶದಲ್ಲಿ ನಡೆದ ಮೊದಲ ಹೆಂಗಸು ಅವಳೇ, ಮೂರೂವರೆ ಗಂಟೆ ಹೊರಗಿದ್ಲು. ಅದಕ್ಕೂ ಎರಡು ವರ್ಷ ಮುಂಚೆ, 1982ರಲ್ಲಿ ಅವಳು ಮೊದಲನೇ ಸಲ ಅಲ್ಲಿಗೆ ಹೋದಾಗ ಅಲ್ಲಿದ್ದ ಗಂಡಸರು ತಮಾಷೆಗೆ ಏಪ್ರನ್ ಕೊಟ್ಟು ಅಡುಗೆಮನೆ ಕಡೆ ಕೈ ತೋರ್ಸಿದ್ರಂತೆ. ಅವಳಿಗೆ ಅಡುಗೆಮನೆಗೆ ಹೋಗು ಅಂದ್ರು, ನನಗೆ ಅಡುಗೆಮನೆಗೆ ಬರಬೇಡ ಅಂದ್ರು. ಕೋಪ ಮಾತ್ರ ಎರಡಕ್ಕೂ ಒಂದೇ ಥರ ಬರುತ್ತೆ.

ಇನ್ನೊಂದು ಜೋಡಿ ಫೋಟೊ ಅಂಟಿಸಿದ್ಲು, ಕ್ರಿಸ್ಟಿನಾ ಕಾಕ್, ಜೆಸಿಕಾ ಮೇರ್. 2019ರ ಅಕ್ಟೋಬರ್ 18ಕ್ಕೆ ಹೆಂಗಸರಿಬ್ಬರೇ ಹೊರಗೆ ಹೋಗಿ ಕೆಟ್ಟ ಬ್ಯಾಟರಿ ಚಾರ್ಜರ್ ಬದಲಾಯಿಸಿದ್ದು. ಇಬ್ಬರು ಹೆಂಗಸರು ಒಟ್ಟಿಗೆ ಹೋಗೋದು ಅದೇ ಮಾರ್ಚ್‌ನಲ್ಲೇ ಆಗಬೇಕಿತ್ತು. ಮಧ್ಯಮ ಅಳತೆಯ ಉಡುಪಿನ ಮೇಲ್ಭಾಗ ಒಂದೇ ಒಂದು ಸಿದ್ಧ ಇತ್ತು ಅಂತ ತಪ್ಪಿಹೋಯ್ತು. ಅಳತೆ ರವಿಕೆ ಕೊಟ್ಟೂ ಹಬ್ಬದ ದಿನ ಉಸಿರು ಕಟ್ಟೋ ಬ್ಲೌಸ್ ಹಾಕ್ಕೊಂಡೋರಿಗೆ ಅದೇನೂ ಆಶ್ಚರ್ಯ ಅಲ್ಲ.

ಈಗ ಸುನೀತಾ ವಿಲಿಯಮ್ಸ್. ಅವರು 2024ರ ಜೂನ್‌ನಲ್ಲಿ ಹೋಗಿ 2025ರ ಮಾರ್ಚ್ ತನಕ ವಾಪಸ್ ಬರದೇ ಇದ್ದಾಗ ನಮ್ಮ ಬೀದೀಲಿ ದೀಪ ಹಚ್ಚಿದೋರೂ ಇದ್ದಾರೆ. ನಾನು ಹೇಳೋ ಕಥೆ ಅದಕ್ಕೂ ಹಿಂದಿನದು, 2012ರದ್ದು. ನಿಲ್ದಾಣಕ್ಕೆ ಸೌರಫಲಕಗಳಿಂದ ಬರೋ ಕರೆಂಟನ್ನ ಹಂಚೋ ಪೆಟ್ಟಿಗೆ ನಾಲ್ಕಿವೆ. ಅದರಲ್ಲೊಂದು ಕೆಟ್ಟಿತ್ತು. ನೂರು ಕಿಲೋ ಪೆಟ್ಟಿಗೆ. ಆಗಸ್ಟ್ 30ಕ್ಕೆ ಸುನೀತಾ ಮತ್ತೆ ಜಪಾನಿನ ಅಕಿಹಿಕೊ ಹೊಶಿದೆ ಹೊರಗೆ ಹೋಗಿ ಹಳೇದನ್ನ ಬಿಚ್ಚಿ ಹೊಸದನ್ನ ಕೂರಿಸೋಕೆ ನೋಡಿದ್ರು. ಬೋಲ್ಟು ಕೂತ್ಕೊಳ್ಳಲ್ಲ. ಅರ್ಧಕ್ಕೆ ಬಂದು ಕಚ್ಕೊಳ್ಳುತ್ತೆ. ಎಂಟು ಗಂಟೆ ಹದಿನೇಳು ನಿಮಿಷ ಹೊರಗಿದ್ದು, ಕೊನೆಗೆ ಪೆಟ್ಟಿಗೆಯನ್ನ ಪಟ್ಟಿ ಹಾಕಿ ಕಟ್ಟಿ, ಬರಿಗೈಯಲ್ಲಿ ಒಳಗೆ ಬಂದ್ರು. ಆ ಬಿಗಿಗೆ ಕಾರಣ ಲೋಹದ ಸಣ್ಣ ಚೂರು. ಬೋಲ್ಟು ಕೂರೋ ಗೂಡಿನ ಮರೆಯಲ್ಲಿ ಪುಡಿ ಸೇರ್ಕೊಂಡಿತ್ತು.

ಕೆಳಗಿರೋರು, ಮೇಲಿರೋರು ಸೇರಿ ಯೋಚ್ನೆ ಮಾಡಿದ್ರು. ಭೂಮಿಯಿಂದ ಹೊಸ ಸಾಮಾನು ಬರೋ ತನಕ ಕಾಯೋ ಹಾಗಿಲ್ಲ. ನಿಲ್ದಾಣದಲ್ಲಿ ಏನಿದೆ? ಹಲ್ಲುಜ್ಜೋ ಬ್ರಷ್ಷಿದೆ. ಅದನ್ನ ಒಂದು ಹಿಡಿಗೆ ಕಟ್ಟಿದ್ರು. ಉಳಿದಿದ್ದ ಕೇಬಲ್ಲಿನ ತಂತಿ ಬಿಡಿಸಿ, ತುದಿ ಬಾಗಿಸಿ, ತಂತಿ ಬ್ರಷ್ ಮಾಡ್ಕೊಂಡ್ರು. ಸೆಪ್ಟೆಂಬರ್ 5ಕ್ಕೆ ಇಬ್ಬರೂ ಮತ್ತೆ ಹೊರಗೆ. ಪುಡಿ ಉಜ್ಜಿ ತೆಗೆದ್ರು, ನೈಟ್ರೋಜನ್ ಗಾಳಿ ಊದಿದ್ರು, ಗ್ರೀಸ್ ಸವರಿದ್ರು. ಬೋಲ್ಟು ಕೂತ್ಕೊಳ್ತು. ಸಾವಿರಾರು ಕೋಟಿ ಬಾಳೋ ನಿಲ್ದಾಣ ಕಣ್ರೇ. ನಮ್ಮ ಬಾತ್ರೂಮಿನ ಸ್ಟ್ಯಾಂಡಲ್ಲಿ ನಿಂತಿರೋ ಸಾಮಾನು ಅದನ್ನ ಸರಿ ಮಾಡ್ತು.

ಇದನ್ನ ಕೇಳಿದ ತಕ್ಷಣ ನಾನು ಎದ್ದು ಅಡುಗೆಮನೆ ಸಿಂಕಿನ ಕೆಳಗೆ ನೋಡ್ದೆ. ನಮ್ಮ ಕಡೆ ಬೋರ್‌ವೆಲ್ ನೀರು ಹೆಂಗೆ ಅಂತ ನಿಮಗೇ ಗೊತ್ತು. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ, ಗೀಸರ್ ಕಾಯಿಲಿಗೆ ಸುಣ್ಣದ ಗಡ್ಡೆ. ಸಿಂಕಿನ ನಲ್ಲಿಗೆ ನೀರು ಬರೋ ಪೈಪಿನ ನಟ್ಟು ಒಂದು ತಿಂಗಳಿಂದ ಜಿನುಗ್ತಾ ಇತ್ತು. ಒಬ್ಬ ಬಂದು ನೋಡಿ, ನಾಳೆ ಬರ್ತೀನಿ ಅಂದೋನು ಆ ನಾಳೆಯನ್ನ ಇನ್ನೂ ತಂದಿಲ್ಲ. ಬಕೆಟ್ ಇಟ್ಟು ಇಟ್ಟು ಸಾಕಾಗಿತ್ತು. ನಟ್ಟಿನ ಸುತ್ತ ಸುಣ್ಣ ಕಟ್ಟಿ ಬಂಡೆ ಆಗಿತ್ತು.

ನಮ್ಮನೆಯೋರ ಪೆಟ್ಟಿಗೆ ಹೊರಗೆ ಬಂತು. ಅವರು ಹೋಗಿ ಆರು ವರ್ಷ. ಆ ಪೆಟ್ಟಿಗೆ ತೆಗೆದ್ರೆ ಈಗಲೂ ಎಣ್ಣೆ, ತುಕ್ಕು, ಬೀಡಿ ಸೇರಿದ ವಾಸನೆ. ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ, ನನಗೂ. 'ಅದು ನಿನಗೆ ಆಗಲ್ಲ, ಬಿಡು' ಅನ್ನೋರು. ಮೊದಲು ಮೊಮ್ಮಗಳು ಹೊರಗಿನ ವಾಲ್ವ್ ಮುಚ್ಚಿದ್ಲು. ಹಳೇ ಸೈಕಲ್ ಟ್ಯೂಬನ್ನ ಪಟ್ಟಿ ಕತ್ತರಿಸಿ, ಪಾನಾದ ಹಿಡಿಗೆ ನನ್ನ ಅಂಗೈ ತುಂಬೋಷ್ಟು ದಪ್ಪಕ್ಕೆ ಸುತ್ತಿದ್ವಿ. ಒಂದು ಮೊಳ ದಾರದಲ್ಲಿ ಪಾನಾವನ್ನ ನನ್ನ ಮಣಿಕಟ್ಟಿಗೆ ಕಟ್ಟಿದ್ವಿ. ವಿನಿಗರಲ್ಲಿ ನೆನೆಸಿದ ಬಟ್ಟೆ ನಟ್ಟಿಗೆ ಸುತ್ತಿ ಒಂದು ಗಂಟೆ ಬಿಟ್ವಿ. ಕೆಟ್ಟ ಇಸ್ತ್ರಿಪೆಟ್ಟಿಗೆ ವೈರಿನ ತಾಮ್ರದ ಎಳೆ ಬಿಡಿಸಿ ಬಾಗಿಸಿ, ಒಂದು ಪೆನ್ಸಿಲ್ಲಿಗೆ ಬಿಗಿದು, ತಂತಿ ಬ್ರಷ್. ಹಳೇ ಹಲ್ಲಿನ ಬ್ರಷ್ಷಿಗೂ ಟ್ಯೂಬು ಸುತ್ತಿ ದಪ್ಪ ಮಾಡಿದ್ವಿ. ನಾನು ಸ್ಟೂಲ್ ಮೇಲೆ ಕೂತು, ಕಾಲನ್ನ ಗೋಡೆಗೆ ಒತ್ತಿ ಊರಿದೆ. ಮೊಮ್ಮಗಳು ಮೊಬೈಲ್ ಟಾರ್ಚ್ ಹಿಡಿದು, ಹ್ಯೂಸ್ಟನ್ ಕೇಂದ್ರದೋರ ಥರ "ಅಜ್ಜಿ, ಮೊದಲು ಎಡಗಡೆ ಉಜ್ಜು" ಅಂತ ಹೇಳ್ತಾ ಇದ್ಲು.

ಉಜ್ಜಿದಷ್ಟೂ ಸುಣ್ಣ ಪುಡಿ ಪುಡಿಯಾಗಿ ಬಂತು. ಪಾನಾ ಕಚ್ಚಿಸಿ ಎಳೆದೆ. ಅಲ್ಲಾಡ್ಲಿಲ್ಲ. ಆಗ ನಮ್ಮನೆಯೋರು ಕಾರ್ಖಾನೇಲಿ ಮಾಡ್ತಿದ್ದ ಒಂದು ಉಪಾಯ ನೆನಪಾಯ್ತು, ಪಾನಾದ ಹಿಡಿ ಬಾಲಕ್ಕೆ ಒಂದು ಕಬ್ಬಿಣದ ಪೈಪು ತೂರಿಸೋದು. ಹಿಡಿ ಉದ್ದ ಆದಷ್ಟೂ ಬಲ ಕಡಿಮೆ ಸಾಕು. ಪೈಪಿನ ತುದಿಗೆ ಅಂಗೈಯಿಟ್ಟು, ಬೆರಳು ಮಡಚದೇನೇ, ಮೈಭಾರ ಬಿಟ್ಟು ಒತ್ತಿದೆ. ಕಿರ್ ಅಂತು. ಎಂಥಾ ಸದ್ದು ಅಂತೀರಿ! ನಡುವೆ ಪಾನಾ ಎರಡು ಸಲ ಕೈಯಿಂದ ಜಾರ್ತು. ದಾರದಲ್ಲಿ ಜೋತಾಡ್ತೇ ಹೊರತು ಕಾಲ ಮೇಲೆ ಬೀಳ್ಲಿಲ್ಲ.

ಹಳೇ ವಾಷರ್ ತೆಗೆದು ಹೊಸದು ಹಾಕೋದು ಮೊಮ್ಮಗಳ ಬೆರಳ ಕೆಲಸ, ಅದು ನನ್ನಿಂದ ಆಗಲ್ಲ. ಬಿಳಿ ಟೇಪು ಸುತ್ತಿದ್ದು ನಾನು, ಬಿಗಿ ಮಾಡಿದ್ದು ನಾನು. ಎರಡೂವರೆ ಗಂಟೆ ಹಿಡೀತು. ಬರೋನು ಬಂದಿದ್ರೆ ಹತ್ತು ನಿಮಿಷದ ಕೆಲಸ, ಗೊತ್ತಿದೆ.

ಸಂಜೆ ಮಗಳು ಆಫೀಸಿಂದ ಬಂದು ಅಡುಗೆಮನೆ ನೆಲದ ಮೇಲಿನ ಸುಣ್ಣದ ಪುಡಿ, ಪೈಪು, ದಾರ, ನನ್ನ ಮಣಿಕಟ್ಟಿನ ಕೆಂಪು ಗೆರೆ ನೋಡಿದ್ಲು. ಈ ಸಲ ಕೂಗಾಡಿದ್ಲು. ನೋವು ಜಾಸ್ತಿ ಆದ್ರೆ ಯಾರು ನೋಡೋದು, ನೀರು ಚಿಮ್ಮಿ ಜಾರಿದ್ರೆ ಏನು ಗತಿ, ಮಗೂನ ಸೇರಿಸ್ಕೊಂಡು ಇದೇನು ಆಟ. ಕೈ ಅವತ್ತು ರಾತ್ರಿ ನೋಯ್ತು ಕೂಡಾ, ಸುಳ್ಳು ಯಾಕೆ ಹೇಳ್ಲಿ. ಮೊಮ್ಮಗಳು ಏನೂ ಮಾತಾಡದೆ ಒಳಗೆ ಹೋಗಿ ಆ ಎರಡು ಗ್ಲೌಸ್ ತಂದು ಅವಳಮ್ಮನ ಕೈಗೆ ಹಾಕಿದ್ಲು. ಒಂದರ ಮೇಲೊಂದು. ನಟ್ಟು, ಬೋಲ್ಟು ಕೊಟ್ಲು. ಮಗಳು ನಗ್ತಾನೇ ಶುರು ಮಾಡಿದ್ಲು. ನಾಲ್ಕನೇ ಸಲ ನಟ್ಟು ಬಿದ್ದ ಮೇಲೆ ನಗು ನಿಲ್ತು. ಗ್ಲೌಸ್ ತೆಗೀದೇನೇ ತುಂಬಾ ಹೊತ್ತು ಕೂತಿದ್ಲು.

ಆಮೇಲೆ ಒಂದು ಒಪ್ಪಂದ ಆಯ್ತು. ಬಿಸಿ ಪಾತ್ರೆ ಎತ್ತೋದು, ಕುಕ್ಕರ್ ಇಳಿಸೋದು ನನ್ನ ಕೆಲಸ ಅಲ್ಲ. ಅದಕ್ಕೆ ನಾನೂ ಒಪ್ಪಿದೆ. ಆ ನಾಲ್ಕು ಹನಿ ನನಗೂ ಮರೆತಿಲ್ಲ. ಪಾತ್ರೆ ಒಲೆ ಮೇಲೇ ಇರುತ್ತೆ, ಎರಡು ಕಿವಿ ಇರೋದು, ಉದ್ದ ಹಿಡಿಯ ಸೌಟಿಗೆ ಟ್ಯೂಬು ಸುತ್ತಿದೆ, ಅಲ್ಲಿಂದಲೇ ತೋಡಿ ಬಡಿಸೋದು. ಅಡುಗೆಯಾಕೆ ವಾರಕ್ಕೆ ನಾಲ್ಕು ದಿನ ಬರ್ತಾಳೆ, ಮೂರು ದಿನ ಒಲೆ ನನ್ನದು. ಸೌಟಿಗೂ ದಾರ ಕಟ್ಟೋಣ ಅಂತ ಮೊಮ್ಮಗಳು ಕಟ್ಟಿದ್ಲು, ಅದು ಸಾರಿನಲ್ಲಿ ಅದ್ದಿ ಒಗ್ಗರಣೆ ಕರಿಬ್ಯಾವಿನ ಜೊತೆ ಯಜಮಾನಿಕೆ ಮಾಡ್ತು, ಬಿಚ್ಚಿಬಿಟ್ವಿ. ಅದಕ್ಕೆ ಸ್ಟೀಲ್ ಸರಪಳಿ ತರ್ತಾಳಂತೆ.

"ಕೈಯೇ ಮುಟ್ಟದ ಜಾಗದಲ್ಲಿ ಕೆಟ್ಟರೆ?" ಅಂತ ಪ್ರಾಜೆಕ್ಟಿನ ಕೊನೇ ಹಾಳೆಗೆ ಪ್ರಶ್ನೆ ಬರ್ಕೊಂಡಿದ್ಲು. ಅದಕ್ಕೆ ಪೀಣ್ಯದ ಉತ್ತರ ಇದೆ. 2013ರ ನವೆಂಬರ್ 11ಕ್ಕೆ ಮಂಗಳಯಾನದ ಕಕ್ಷೆ ಎತ್ತರಿಸೋವಾಗ ಎಂಜಿನ್ ಉರಿ ಮಧ್ಯದಲ್ಲೇ ಕುಂದಿ, ಒಂದು ಲಕ್ಷ ಕಿಲೋಮೀಟರ್ ಮುಟ್ಟಬೇಕಾದ್ದು 78 ಸಾವಿರದ ಹತ್ತಿರ ನಿಂತುಬಿಡ್ತು. ಅಲ್ಲಿಗೆ ಪಾನಾ ಹಿಡ್ಕೊಂಡು ಹೋಗೋರು ಯಾರು? ಪೀಣ್ಯದಲ್ಲಿ ಕೂತೋರು ಲೆಕ್ಕ ಹಾಕಿ, ಮಾರನೇ ದಿನ ಬೆಳಗಿನ ಜಾವ ಇನ್ನೊಂದು ಆದೇಶ ಕಳಿಸಿ, 1 ಲಕ್ಷ 18 ಸಾವಿರ ಕಿಲೋಮೀಟರ್ ದಾಟಿಸಿದ್ರು. ಅವಳಿಗೆ ಇದು ಅಷ್ಟೇನೂ ಹಿಡಿಸ್ಲಿಲ್ಲ. "ಇದರಲ್ಲಿ ಸಾಮಾನೇ ಇಲ್ವಲ್ಲ ಅಜ್ಜಿ" ಅಂದು, ಅರ್ಧ ಪುಟದಲ್ಲಿ ಮುಗಿಸಿ, ಉಳಿದ ಜಾಗದಲ್ಲಿ ನಮ್ಮ ಟ್ಯೂಬು ಸುತ್ತಿದ ಪಾನಾದ ಚಿತ್ರ ಬರೆದ್ಲು. ಕೆಳಗೆ 'ಯಲಹಂಕದ ಮಾದರಿ' ಅಂತ ಹೆಸರು.

ನಲ್ಲಿ ಈಗ ಪೂರ್ತಿ ನಿಂತಿದೆ ಅಂತ ಹೇಳಲ್ಲ. ಬೆಳಿಗ್ಗೆ ಟ್ಯಾಂಕ್ ತುಂಬಿದಾಗ ಒಂದೊಂದು ಹನಿ ಬೀಳುತ್ತೆ. ನಿಮಿಷಕ್ಕೆ ಎಷ್ಟು ಅಂತ ಮೊಮ್ಮಗಳು ದಿನಾ ಎಣಿಸಿ ಕ್ಯಾಲೆಂಡರಲ್ಲಿ ಬರೀತಾಳೆ. ನಿನ್ನೆ ಮೂರು, ಇವತ್ತು ಎರಡು. ಭಾನುವಾರ ಇನ್ನೊಂದು ಸುತ್ತು ಟೇಪು ಹಾಕೋಣ ಅಂತಿದ್ದಾಳೆ ಮಗಳು. ಪಾನಾ ತಾನೇ ಹಿಡೀತಾಳಂತೆ. ಕೊಡೋದಾ ಬೇಡ್ವಾ, ಇನ್ನೂ ನೋಡ್ಬೇಕು.